ದುಭಾಷಿಯನ್ನು ನಂಬಿ ಹೋದವರು



ಉಪನ್ಯಾಸದ ವಿಷಯವನ್ನು ಸಂಘಟಕರು ನನಗೇ ಬಿಟ್ಟಿದ್ದರು. ನಾನು ಆರಿಸಿಕೊಂಡದ್ದನ್ನು ಕೇಳಿ ಫೋನಿನ ಆ ಕಡೆ ಕೊಂಚ ಹೊತ್ತು ಮಾತೇ ಇರಲಿಲ್ಲ. ಇಂದಿನ ಅಮೆರಿಕದ ವರ್ಜೀನಿಯ ರಾಜ್ಯದಲ್ಲಿ, ಚೆಸಪೀಕ್ ಕೊಲ್ಲಿಗೆ ಹರಿದು ಸೇರುವ ಒಂದು ನದಿಯ ಹತ್ತಿರ, 1570ರ ಸೆಪ್ಟೆಂಬರಿನಲ್ಲಿ ಸ್ಪೇನಿನ ಎಂಟು ಮಂದಿ ಜೆಸ್ವಿಟರು ಒಂದು ಮಿಷನ್ ಹೂಡಿದರು. ಅದು ಬಾಳಿದ್ದು ಐದು ತಿಂಗಳು. ಸ್ಪೇನಿನವರು ಆ ನಾಡನ್ನು ಅಹಕಾನ್ ಎಂದು ಕರೆದರು. 1571ರ ಫೆಬ್ರವರಿಯಲ್ಲಿ ಎಂಟೂ ಜನ ಸತ್ತರು. ಬದುಕಿ ಉಳಿದವನು ಪೂಜೆಗೆ ನೆರವಾಗಲೆಂದು ಜೊತೆಗೆ ಹೋಗಿದ್ದ ಒಬ್ಬ ಹುಡುಗ. ಹೇಳಬೇಕಾದ ಘಟನೆ ಇಷ್ಟೇ. ಇದರಲ್ಲಿ ಒಂದು ಗಂಟೆಯ ಉಪನ್ಯಾಸಕ್ಕೆ ಏನಿದೆ ಎಂಬ ಸಂದೇಹ ಸಹಜ.

ಇದೆ ಎಂದು ನಂಬಿ ಬಂದಿದ್ದೇನೆ. ಮೊದಲಿಗೆ ಆ ಜನರನ್ನು ಅಲ್ಲಿಗೆ ಕರೆದೊಯ್ದ ವ್ಯಕ್ತಿಯ ಬಗ್ಗೆ ಹೇಳುತ್ತೇನೆ. ಅವನು ಅದೇ ನಾಡಿನವನು, ಅವರ ದುಭಾಷಿ. ಆಮೇಲೆ ಅನ್ನದ ವಿಷಯ, ಅಂದರೆ ಬರ ಮತ್ತು ಮೆಕ್ಕೆಜೋಳ. ಮೂರನೆಯದಾಗಿ ಆ ಚಳಿಗಾಲದಲ್ಲಿ ಏನು ನಡೆಯಿತು, ಅದು ನಮಗೆ ಗೊತ್ತಾದದ್ದು ಯಾರ ಬಾಯಿಂದ ಎಂಬುದು. ಕೊನೆಗೆ, ಸಮಯ ಉಳಿದರೆ, ಆ ದುಭಾಷಿಯ ಮುಂದಿನ ಬದುಕಿನ ಬಗ್ಗೆ ಇರುವ ಒಂದು ವಾದ.

ಆರಂಭಕ್ಕೆ ಮುನ್ನ ಒಂದು ಪದದ ಬಗ್ಗೆ ಸ್ಪಷ್ಟನೆ. ‘ಮಿಷನ್’ ಎಂದೊಡನೆ ಕನ್ನಡಿಗರ ಮನಸ್ಸಿಗೆ ಬರುವುದು ಬಾಸೆಲ್ ಮಿಷನ್. 1843ರ ‘ಮಂಗಳೂರ ಸಮಾಚಾರ’, 1894ರ ಕಿಟ್ಟೆಲ್ ನಿಘಂಟು, ಹಂಚಿನ ಕಾರ್ಖಾನೆ, ಶಾಲೆ. ಆ ಚಿತ್ರವನ್ನು ಈ ಒಂದು ಗಂಟೆಯ ಮಟ್ಟಿಗೆ ಪಕ್ಕಕ್ಕಿಡಬೇಕು. ಹದಿನಾರನೆಯ ಶತಮಾನದ ಸ್ಪೇನಿನಲ್ಲಿ ಮಿಷನ್ ಎಂದರೆ ಅರಸೊತ್ತಿಗೆಯ ಗಡಿ ಕೆಲಸದ ಒಂದು ಅಂಗ. ಹೊಸ ನಾಡುಗಳಲ್ಲಿ ಚರ್ಚನ್ನು ನಡೆಸುವ ಹಕ್ಕು ಮತ್ತು ಹೊಣೆಯನ್ನು ಪೋಪರು ಸ್ಪೇನಿನ ರಾಜನಿಗೇ ವಹಿಸಿದ್ದರು. ಪಾದ್ರಿಯನ್ನು ಸಾಗಿಸುವ ಹಡಗು ರಾಜನದು, ಅವನನ್ನು ಕಾಯುವ ಸಿಪಾಯಿ ರಾಜನವನು. ಅಹಕಾನಿನ ವಿಶೇಷ ಇರುವುದು ಇಲ್ಲಿಯೇ: ಅಲ್ಲಿಗೆ ಹೋದವರು ಸಿಪಾಯಿ ಬೇಡವೆಂದು ತಾವಾಗಿಯೇ ಹೇಳಿ ಹೋದರು.

ಇನ್ನು ಮೊದಲ ವಿಷಯಕ್ಕೆ ಬರುತ್ತೇನೆ.

1561ರಲ್ಲಿ ಸ್ಪೇನಿನ ಒಂದು ಹಡಗು ಚೆಸಪೀಕ್ ಕೊಲ್ಲಿಯನ್ನು ಹೊಕ್ಕಿತು. ಅದರ ಮುಖ್ಯಸ್ಥ ಅಂತೋನಿಯೊ ವೆಲಾಸ್ಕೆಸ್. ಅಲ್ಲಿಂದ ಹೊರಡುವಾಗ ಆ ಹಡಗಿನಲ್ಲಿ ಇಬ್ಬರು ಸ್ಥಳೀಯರಿದ್ದರು. ಒಬ್ಬನ ಹೆಸರು ದಾಖಲೆಗಳಲ್ಲಿ ಪಾಕಿಕಿನೆಯೊ ಎಂದಿದೆ. ನಾಯಕರ ಮನೆತನದ ಯುವಕ. ತಾನಾಗಿ ಹತ್ತಿದನೋ, ಹಿಡಿದು ಹತ್ತಿಸಿದರೋ ಎಂಬುದು ಬರೆದವರನ್ನು ಅವಲಂಬಿಸಿದ ಮಾತು. ಮನೆಯವರ ಒಪ್ಪಿಗೆಯಿತ್ತು ಎನ್ನುವ ಸ್ಪ್ಯಾನಿಷ್ ಹೇಳಿಕೆಗಳಿವೆ. ಒಯ್ದವರು ಬರೆದಿಟ್ಟ ಒಪ್ಪಿಗೆ ಅದು; ಅದಕ್ಕೆ ಎಷ್ಟು ಬೆಲೆಯೋ ಅಷ್ಟೇ ಕೊಡೋಣ.

ಇಲ್ಲಿಂದ ಮುಂದೆ ಈ ಯುವಕ ಓಡಾಡಿದ ದೂರವನ್ನು ಗಮನಿಸಿ. ಅಟ್ಲಾಂಟಿಕ್ ದಾಟಿ ಸ್ಪೇನಿಗೆ ಹೋದ. ಎರಡನೆಯ ಫಿಲಿಪ್ ದೊರೆಯ ಆಸ್ಥಾನ ಕಂಡ. ಅವನ ಬಟ್ಟೆಬರೆಯ ಖರ್ಚು ಸರಕಾರಿ ಲೆಕ್ಕಕ್ಕೆ ಬಿತ್ತು. ಲೆಕ್ಕ ಬರೆಯುವುದರಲ್ಲಿ ಸ್ಪೇನಿನ ಗುಮಾಸ್ತರಿಗೆ ಸಮನಾದವರು ಆಗ ಯಾರೂ ಇರಲಿಲ್ಲ, ಆ ಜಿಪುಣ ನಿಷ್ಠೆಗೆ ಇತಿಹಾಸಕಾರರು ಕೈಮುಗಿಯಬೇಕು. 1562ರಲ್ಲಿ ಅವನನ್ನು ಊರಿಗೆ ಮರಳಿಸಬೇಕೆಂಬ ಆಜ್ಞೆಯೊಂದಿಗೆ ಮೆಕ್ಸಿಕೊ ಕಡೆಯ ಹಡಗು ಹತ್ತಿಸಿದರು. ಮೆಕ್ಸಿಕೊ ನಗರದಲ್ಲಿ ಕಾಯಿಲೆ ಬಿದ್ದು ಸಾಯುವ ಸ್ಥಿತಿಗೆ ಬಂದ. ಆಗ ಡೊಮಿನಿಕನ್ ಸನ್ಯಾಸಿಗಳು ಅವನಿಗೆ ದೀಕ್ಷಾಸ್ನಾನ ಮಾಡಿಸಿದರು. ಅಲ್ಲಿನ ವೈಸರಾಯ್ ಲೂಯಿಸ್ ದೆ ವೆಲಾಸ್ಕೊನ ಹೆಸರನ್ನೇ ಇಟ್ಟರು. ಅಂದಿನಿಂದ ದಾಖಲೆಗಳಲ್ಲಿ ಅವನು ‘ಡಾನ್ ಲೂಯಿಸ್’.

ಕಾಯಿಲೆ ವಾಸಿಯಾಯಿತು. ಆದರೆ ಊರು ದೂರವಾಯಿತು. ಕ್ರೈಸ್ತನಾದ ಮೇಲೆ ಅವನನ್ನು ಪಾದ್ರಿಗಳಿಲ್ಲದ ನಾಡಿಗೆ ಒಂಟಿಯಾಗಿ ಕಳಿಸುವುದು ತರವಲ್ಲ, ಮತ್ತೆ ಹಳೆಯದಕ್ಕೆ ಜಾರಿಬಿಟ್ಟಾನು ಎಂದು ಡೊಮಿನಿಕನ್ನರು ತಡೆದರು. ದೊರೆಯ ಆಜ್ಞೆ ಕಾಗದದ ಮೇಲೆ ಉಳಿಯಿತು. 1566ರಲ್ಲಿ ಇಬ್ಬರು ಡೊಮಿನಿಕನ್ನರು, ಸುಮಾರು ಮೂವತ್ತು ಸಿಪಾಯಿಗಳು ಮತ್ತು ಡಾನ್ ಲೂಯಿಸ್ ಹಡಗಿನಲ್ಲಿ ಉತ್ತರಕ್ಕೆ ಹೊರಟರು. ಕೊಲ್ಲಿಯ ಬಾಯಿ ಸಿಗಲಿಲ್ಲ. ಬಿರುಗಾಳಿಗೆ ಸಿಕ್ಕಿ, ಸ್ವಂತ ಊರಿಗೆ ಹೊರಟವನು ಮತ್ತೆ ಸ್ಪೇನಿಗೇ ಮುಟ್ಟಿದ. ಕಿನಾರೆ ಸಿಗದೆ ಹೋದದ್ದು ನಿಜವೋ, ಸಿಪಾಯಿಗಳ ಜೊತೆ ಹೋಗಲು ಇಷ್ಟವಿಲ್ಲದೆ ಅವನೇ ಗುರುತು ಹಿಡಿಯದವನಂತೆ ಇದ್ದನೋ ಎಂಬ ಅನುಮಾನ ಕೆಲವು ವಿದ್ವಾಂಸರಿಗಿದೆ. ನನಗೂ ಇದೆ. ಸಾಬೀತು ಮಾಡಲಾಗದ ಅನುಮಾನ.

ಇಲ್ಲಿ ಪೆದ್ರೊ ಮೆನೆಂದೆಸ್ ದೆ ಅವಿಲೆಸ್ ಎಂಬ ನೌಕಾನಾಯಕ ಕಥೆಯೊಳಕ್ಕೆ ಬರುತ್ತಾನೆ. 1565ರಲ್ಲಿ ಸೇಂಟ್ ಆಗಸ್ಟೀನ್ ನಗರ ಕಟ್ಟಿ, ಫ್ಲಾರಿಡದಲ್ಲಿ ನೆಲೆಯೂರಿದ್ದ ಫ್ರೆಂಚರನ್ನು ನಿರ್ದಯವಾಗಿ ಕೊಂದವನು. ನಮ್ಮಲ್ಲಿ 1565 ಎಂದರೆ ರಕ್ಕಸತಂಗಡಿಯ ವರ್ಷ. ಕಾಲ ನೆನಪಿಡಲು ಅನುಕೂಲವಾಗಲಿ ಎಂದು ಹೇಳಿದೆ, ಬೇರೆ ಸಂಬಂಧವಿಲ್ಲ. ಮೆನೆಂದೆಸ್‌ಗೆ ಚೆಸಪೀಕ್ ಕೊಲ್ಲಿಯ ಮೇಲೆ ಕಣ್ಣಿತ್ತು. ಅಲ್ಲಿಂದ ಪಶ್ಚಿಮಕ್ಕೆ ಹೋದರೆ ಚೀನಾ ಕಡೆಯ ಸಮುದ್ರಕ್ಕೆ ದಾರಿ ಸಿಗಬಹುದೆಂದು ಆ ಕಾಲದ ಬಹಳ ಜನ ನಂಬಿದ್ದರು. ಅತ್ತ ಜೆಸ್ವಿಟರು 1566ರಿಂದ ಫ್ಲಾರಿಡದಲ್ಲಿ ದುಡಿಯುತ್ತಿದ್ದರು, ಫಲ ಬಹಳ ಕಡಿಮೆ. ಕಾಲಿಟ್ಟ ವರ್ಷವೇ ಅವರಲ್ಲಿ ಪೆದ್ರೊ ಮಾರ್ತಿನೆಸ್ ಎಂಬ ಪಾದ್ರಿ ಕೊಲೆಯಾಗಿದ್ದ. ಅವರ ಮುಖ್ಯಸ್ಥ ಹುವಾನ್ ಬತಿಸ್ತ ದೆ ಸೆಗೂರ ಈ ಸೋಲಿಗೆಲ್ಲ ಕಾರಣ ಸಿಪಾಯಿಗಳೆಂದು ತೀರ್ಮಾನಿಸಿದ್ದ. ಜನರ ಧಾನ್ಯ ಕಿತ್ತುಕೊಳ್ಳುವವರು, ಹೆಣ್ಣುಮಕ್ಕಳ ಮೇಲೆ ಕೈ ಹಾಕುವವರು ಬೆನ್ನ ಹಿಂದೆ ನಿಂತಿರುವಾಗ ಪಾದ್ರಿಯ ಮಾತನ್ನು ಯಾರು ಕೇಳುತ್ತಾರೆ? ಸೆಗೂರನ ತರ್ಕದಲ್ಲಿ ತಪ್ಪು ಹುಡುಕುವುದು ಕಷ್ಟ.

ಹೀಗೆ ಸಿಪಾಯಿಗಳ ಜಾಗಕ್ಕೆ ಡಾನ್ ಲೂಯಿಸ್ ಬಂದ. ಅವನು ಒಂಬತ್ತು ವರ್ಷ ಸ್ಪೇನಿನವರೊಂದಿಗೆ ಬಾಳಿದವನು, ಅವರ ಭಾಷೆ ಬಲ್ಲವನು, ಅವರ ಮತದವನು. ತನ್ನ ನಾಡಿನ ನಾಯಕನ ರಕ್ತಸಂಬಂಧಿ. ತನ್ನ ಜನರನ್ನು ಮತಕ್ಕೆ ತರಲು ನೆರವಾಗುತ್ತೇನೆ ಎಂದ. ಮಿಷನ್ನಿನ ಭದ್ರತೆ, ಮಾತು, ಊಟ, ದಾರಿ ಎಲ್ಲವೂ ಒಬ್ಬನ ತಲೆಯ ಮೇಲೆ ಬಂತು. ಅವನ ನಾಡಿನ ಭಾಷೆಯ ಒಂದು ಪದವೂ ಉಳಿದ ಯಾರಿಗೂ ಗೊತ್ತಿರಲಿಲ್ಲ.

1600ರಲ್ಲಿ ಹುವಾನ್ ದೆ ಲ ಕರ್ರೆರ ಎಂಬ ಜೆಸ್ವಿಟ್ ಹಳೆಯದನ್ನು ನೆನೆದು ಬರೆದಿದ್ದಾನೆ: ತನಗೆ ಆಗಲೇ ಡಾನ್ ಲೂಯಿಸ್ ಮೇಲೆ ಸಂಶಯವಿತ್ತು, ಸೆಗೂರನಿಗೆ ಎಚ್ಚರಿಸಿದ್ದೆ ಎಂದು. ಇರಬಹುದು. ಆದರೆ ಮುಳುಗಿದ ಹಡಗಿನ ತೂತು ಮೂವತ್ತು ವರ್ಷದ ನಂತರ ದಡದಲ್ಲಿ ನಿಂತವರಿಗೆ ಬಲು ಚೆನ್ನಾಗಿ ಕಾಣುತ್ತದೆ.

ಎರಡನೆಯ ವಿಷಯಕ್ಕೆ ಬರೋಣ. ನನ್ನ ಮಟ್ಟಿಗೆ ಈ ಇತಿಹಾಸದ ತಿರುಳು ಇಲ್ಲಿದೆ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೋಗುತ್ತೇನೆ.

1570ರ ಆಗಸ್ಟಿನಲ್ಲಿ ಇಂದಿನ ಸೌತ್ ಕರೊಲಿನ ತೀರದ ಸಾಂತ ಎಲೇನ ಎಂಬ ಸ್ಪ್ಯಾನಿಷ್ ನೆಲೆಯಿಂದ ಹಡಗು ಹೊರಟಿತು. ಹಡಗಿನಲ್ಲಿ ಸೆಗೂರ, ಇನ್ನೊಬ್ಬ ಪಾದ್ರಿ ಲೂಯಿಸ್ ದೆ ಕಿರೋಸ್, ಮಿಷನ್ನಿನ ಆರು ಮಂದಿ ಸಹಾಯಕರು, ಸಾಂತ ಎಲೇನದ ನಿವಾಸಿಯೊಬ್ಬನ ಮಗ ಅಲೋನ್ಸೊ ದೆ ಓಲ್ಮೋಸ್ ಎಂಬ ಬಾಲಕ, ಮತ್ತು ಡಾನ್ ಲೂಯಿಸ್. ಸೆಪ್ಟೆಂಬರ್ 10ರಂದು ಇಳಿದರು. ಮುಂದೆ ಇಂಗ್ಲಿಷರು ಜೇಮ್ಸ್ ಎಂದು ಕರೆದ ನದಿಯ ದಡದಲ್ಲಿ ಇಳಿದು, ಸಾಮಾನು ಹೊತ್ತು ಕಿರಿದಾದ ನೆಲಪಟ್ಟಿ ದಾಟಿ, ಇಂದಿನ ಯಾರ್ಕ್ ನದಿಯ ಕಡೆಗೆ ಹೋದರು ಎಂಬುದು ಬಹುಮಂದಿ ಒಪ್ಪುವ ಮಾತು. ಅದು ಆಲ್ಗೊಂಕಿಯನ್ ಭಾಷೆಗಳನ್ನು ಆಡುವ ಜನರ ಸೀಮೆ.

ಎರಡು ದಿನ ಬಿಟ್ಟು, ಸೆಪ್ಟೆಂಬರ್ 12ರಂದು, ಹಡಗು ಮರಳುವ ಮುನ್ನ ಕಿರೋಸ್ ಒಂದು ಪತ್ರ ಬರೆದ. ಸೆಗೂರ ಕೊನೆಗೆ ಕೆಲವು ಮಾತು ಸೇರಿಸಿದ. ಮಿಷನ್ನಿನೊಳಗಿಂದ ನಮಗೆ ಸಿಕ್ಕಿರುವ ಬರಹ ಇದೊಂದೇ. ಮಿಕ್ಕಿದ್ದೆಲ್ಲ ಆ ಜನ ಸತ್ತ ಮೇಲೆ ಬೇರೆಯವರು ಬರೆದದ್ದು.

ಪತ್ರದ ತುಂಬ ಹಸಿವು. ತಾವು ನಿರೀಕ್ಷಿಸಿದ್ದಕ್ಕಿಂತ ತೀರ ಬೇರೆಯೇ ಆದ ನಾಡನ್ನು ಕಂಡೆವು ಎನ್ನುತ್ತಾನೆ ಕಿರೋಸ್. ಆರು ವರ್ಷದಿಂದ ಅಲ್ಲಿ ಬರ ಮತ್ತು ಸಾವು. ಬಹಳ ಜನ ಸತ್ತಿದ್ದಾರೆ, ಬಹಳ ಜನ ಗುಳೆ ಹೋಗಿದ್ದಾರೆ. ಉಳಿದವರು ಹಿರಿಯರು ಸತ್ತ ನೆಲದಲ್ಲೇ ಸಾಯುತ್ತೇವೆಂದು ನಿಂತಿದ್ದಾರೆ. ಮೆಕ್ಕೆಜೋಳವಿಲ್ಲ, ಅವರು ಒಣಗಿಸಿ ಇಟ್ಟುಕೊಳ್ಳುತ್ತಿದ್ದ ಕಾಡುಹಣ್ಣೂ ಇಲ್ಲ. ಸೆಪ್ಟೆಂಬರ್ ಎಂದರೆ ಆ ಸೀಮೆಯಲ್ಲಿ ಸುಗ್ಗಿ. ಸುಗ್ಗಿಯಲ್ಲಿ ಬಂದ ನೆಂಟನ ಮುಂದೆ ಇಡಲು ತೆನೆಯಿಲ್ಲದ ಮನೆಗೆ ಮಾಘ ಮಾಸದಲ್ಲಿ ಏನಿದ್ದೀತು?

ಕಿರೋಸ್ ಉತ್ಪ್ರೇಕ್ಷೆ ಮಾಡಿರಲಿಲ್ಲ ಎನ್ನಲು ಮರಗಳ ಸಾಕ್ಷಿಯಿದೆ. ಅಮೆರಿಕದ ಆಗ್ನೇಯ ತೀರದ ಜವುಗಿನಲ್ಲಿ ಬಾಲ್ಡ್ ಸೈಪ್ರೆಸ್ ಎಂಬ ಮರ ಶತಮಾನಗಟ್ಟಲೆ ಬಾಳುತ್ತದೆ. ಮಳೆ ಕಡಿಮೆಯಾದ ವರ್ಷ ಅದರ ಕಾಂಡದ ಉಂಗುರ ತೆಳ್ಳಗಾಗುತ್ತದೆ. ಡೇವಿಡ್ ಸ್ಟಾಲ್ ಮತ್ತು ಸಂಗಡಿಗರು 1998ರಲ್ಲಿ ಈ ಉಂಗುರಗಳನ್ನು ಓದಿ ಪ್ರಕಟಿಸಿದ ಅಧ್ಯಯನ ಹೆಸರುವಾಸಿ. ರೋನೋಕ್ ದ್ವೀಪದ ಇಂಗ್ಲಿಷ್ ವಸಾಹತು ಕಣ್ಮರೆಯಾದ ಹೊತ್ತಿನ 1587ರಿಂದ 1589 ಮತ್ತು ಇಂಗ್ಲಿಷರ ಮುಂದಿನ ನೆಲೆಯಾದ ಜೇಮ್ಸ್‌ಟೌನ್ ಉಪವಾಸ ಬಿದ್ದ ಹೊತ್ತಿನ 1606ರಿಂದ 1612, ಈ ಎರಡೂ ಅಲ್ಲಿನ ನೂರಾರು ವರ್ಷಗಳಲ್ಲೇ ಭೀಕರ ಬರಗಾಲಗಳು ಎಂದು ಅವರು ತೋರಿಸಿದರು. ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಉತ್ತರ ಅಮೆರಿಕದ ಬಹುಭಾಗವನ್ನು ಹಿಂಡಿದ ದೀರ್ಘ ಬರವೂ ಮರದ ಉಂಗುರಗಳಲ್ಲಿ ಅಚ್ಚಾಗಿದೆ. ವರ್ಜೀನಿಯಕ್ಕೆ ಬಂದ ಯೂರೋಪಿಯನ್ನರು ಸರದಿಯಂತೆ ಬರಗಾಲದಲ್ಲೇ ಬಂದರು. ಉಣ್ಣಲು ಇಲ್ಲದವರ ಮನೆಗೆ ಬಂದು ಉಣ್ಣಲು ಕೇಳಿದರು.

ಪತ್ರದ ಇನ್ನೊಂದು ಸಂಗತಿ ಸಣ್ಣದು. ಮೊದಲ ಓದಿನಲ್ಲಿ ನಾನೂ ದಾಟಿಕೊಂಡು ಹೋಗಿದ್ದೆ. ಹೊಳೆಯ ದಡದಲ್ಲಿ ಜನರು ತಮ್ಮಲ್ಲಿದ್ದ ಅಷ್ಟಿಷ್ಟು ಆಹಾರವನ್ನು ಮೊದಲಿಗೆ ಪುಕ್ಕಟೆ ಕೊಡುತ್ತಿದ್ದರಂತೆ. ಹಡಗಿನ ಕೆಲವರು ಏನೋ ಚೂರುಪಾರು ಕೊಟ್ಟು ಪ್ರತಿಯಾಗಿ ತೆನೆ ಪಡೆದರು. ಅದನ್ನು ಕಂಡದ್ದೇ ಊರಿನ ಮಿಕ್ಕವರೂ ತೆನೆಗೆ ಬದಲು ಕೇಳತೊಡಗಿದರು. ಇಂಥ ವ್ಯಾಪಾರಕ್ಕೆ ಆಸ್ಪದವೇ ಇರಬಾರದು, ನಾವು ಇವರನ್ನೇ ನಂಬಿ ಉಣ್ಣಬೇಕಾದವರು ಎಂದು ಕಿರೋಸ್ ಗೊಣಗುತ್ತಾನೆ.

ಪುರಾತತ್ತ್ವಜ್ಞ ಸೆತ್ ಮ್ಯಾಲಿಯೋಸ್ ಈ ಗೊಣಗಾಟಕ್ಕೆ ಬಹಳ ತೂಕ ಕೊಡುತ್ತಾರೆ. ಅವರ ವಾದವನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ಅದು ಮುಯ್ಯಿಯ ಲೆಕ್ಕ. ಮದುವೆಯಲ್ಲಿ ಮುಯ್ಯಿ ಮಾಡಿದವರಿಗೆ ಅಲ್ಲೇ ಕೈಯಲ್ಲಿ ದುಡ್ಡಿಟ್ಟು ಲೆಕ್ಕ ಚುಕ್ತಾ ಎಂದರೆ ಅದು ಸಂಬಂಧ ಕಡಿದ ಹಾಗೆ. ಅವರ ಮನೆಯ ಮದುವೆಗೆ ಹೋಗಿ ತಿರುಗಿ ಮಾಡಬೇಕು. ಆಲ್ಗೊಂಕಿಯನ್ ಜನರ ಕೊಡು-ಕೊಳ್ಳುವಿಕೆ ಇಂಥದ್ದು. ಪಾದ್ರಿಗಳೋ ತಾವು ಪಡೆದ ಊಟವನ್ನು ಭಿಕ್ಷೆ ಎಂದುಕೊಂಡರು. ತಾವು ಅದಕ್ಕೆ ಪ್ರತಿಯಾಗಿ ಕೊಡುವುದು ಆತ್ಮೋದ್ಧಾರ ಎಂದುಕೊಂಡರು. ಡಾನ್ ಲೂಯಿಸ್‌ನ ಊರಿನವರಿಗೆ ವಸ್ತುವಿನ ರೂಪದಲ್ಲಿ ಏನೂ ಮರಳಲಿಲ್ಲ. ಮುಂದೆ ಹಸಿವು ತಾಳಲಾರದೆ ಅದೇ ಜೆಸ್ವಿಟರು ಇದ್ದ ಲೋಹದ ಸಾಮಾನು ಕೊಟ್ಟು ಬೇರೆ ಹಳ್ಳಿಗಳವರಿಂದ ಜೋಳ ಪಡೆಯತೊಡಗಿದರು. ಕರೆತಂದ ಮನೆಗೆ ಬರಿಗೈ, ಆಚೆ ಊರಿನವರಿಗೆ ತಾಮ್ರ ಎಂದಾಯಿತು. ಮ್ಯಾಲಿಯೋಸ್ ಇದನ್ನೇ ಕೊಲೆಯ ಮುಖ್ಯ ಕಾರಣವೆಂದು ಹಿಡಿಯುತ್ತಾರೆ. ನಾನು ಅಷ್ಟು ದೂರ ಹೋಗಲಾರೆ. ಬರಿಯ ಕೊಡುಕೊಳ್ಳುವಿಕೆಯ ನಿಯಮ ಮುರಿದದ್ದಕ್ಕೆ ಎಂಟು ಜನರನ್ನು ಕೊಂದರು ಎಂದರೆ ಮನುಷ್ಯರನ್ನು ಸಿದ್ಧಾಂತದ ಗೊಂಬೆ ಮಾಡಿದ ಹಾಗಾಗುತ್ತದೆ. ಆದರೆ ಹಳೆಯ ಚರ್ಚ್ ಇತಿಹಾಸಗಳು ಸೈತಾನನ ಪ್ರೇರಣೆ ಎಂದು ಬರೆದು ಕೈತೊಳೆದುಕೊಂಡ ಜಾಗದಲ್ಲಿ ಇದು ನಿಜವಾದ ಒಂದು ವಿವರಣೆ.

ಪತ್ರದ ಕೊನೆಯ ಕೋರಿಕೆ ಬಿತ್ತನೆ ಜೋಳ. ಮಾರ್ಚ್ ತಿಂಗಳಿಗೆ, ತಪ್ಪಿದರೆ ಏಪ್ರಿಲ್ ಮೊದಲಿಗೆ, ಬಿತ್ತುವ ಹೊತ್ತಿಗೆ ಸರಿಯಾಗಿ ಹಡಗಿನಲ್ಲಿ ಬೀಜ ಕಳಿಸಿಕೊಡಿ. ಊರಿನವರಿಗೂ ಹಂಚಬಹುದು ಎಂದು. ಈ ಕೋರಿಕೆಯನ್ನು ನೆನಪಿಟ್ಟುಕೊಂಡಿರಿ.

ಮೂರನೆಯದು ಆ ಚಳಿಗಾಲ. ಇಲ್ಲಿ ಹೇಳುವುದನ್ನೆಲ್ಲ ಒಂದು ಎಚ್ಚರಿಕೆಯೊಂದಿಗೆ ಕೇಳಬೇಕು: ಇದರ ಮೂಲ ಬಾಲಕ ಅಲೋನ್ಸೊ ಒಬ್ಬನೇ. ಅವನು ಹೇಳಿದ್ದನ್ನು ಹುವಾನ್ ರೊಹೆಲ್ ಎಂಬ ಜೆಸ್ವಿಟ್ 1572ರ ಆಗಸ್ಟ್ 28ರಂದು ಅದೇ ಕೊಲ್ಲಿಯಲ್ಲಿ ಲಂಗರು ಹಾಕಿದ್ದ ಹಡಗಿನಲ್ಲಿ ಕೂತು ತನ್ನ ಮಹಾಮುಖ್ಯಸ್ಥ ಫ್ರಾನ್ಸಿಸ್ ಬೋರ್ಜನಿಗೆ ಬರೆದ.

ಡಾನ್ ಲೂಯಿಸ್‌ನನ್ನು ಊರಿನವರು ಸತ್ತವನು ಎದ್ದು ಬಂದಂತೆ ಬರಮಾಡಿಕೊಂಡಿದ್ದರು. ಅವನ ಅಣ್ಣ ತೀರಿಕೊಂಡು ಕಿರಿಯ ತಮ್ಮ ನಾಯಕನಾಗಿದ್ದ. ಕೆಲವೇ ದಿನ ಪಾದ್ರಿಗಳ ಜೊತೆಗಿದ್ದು, ಆಮೇಲೆ ಒಂದೂವರೆ ದಿನದ ದಾರಿಯ ಬಂಧುವಿನ ಊರಿಗೆ ಹೋಗಿ ಅಲ್ಲೇ ನಿಂತ. ಒಬ್ಬಳಿಗಿಂತ ಹೆಚ್ಚು ಹೆಂಡಿರನ್ನು ಮಾಡಿಕೊಂಡ ಎಂದು ಪಾದ್ರಿಗಳು ಎಲ್ಲರೆದುರು ಗದರಿದರು ಎಂದೂ ಮೂಲಗಳು ಹೇಳುತ್ತವೆ. ನಾಯಕರ ಮನೆತನದವನು ಹಲವು ಮನೆಗಳೊಂದಿಗೆ ಬೀಗತನ ಬೆಳೆಸುವುದು ಅಲ್ಲಿನ ರಾಜಕಾರಣವೇ ಆಗಿತ್ತು. ಒಂಬತ್ತು ವರ್ಷ ಕಾಣೆಯಾಗಿ ಬಂದವನು ತನ್ನ ಊರಿನಲ್ಲಿ ಮತ್ತೆ ಮನುಷ್ಯನಾಗಬೇಕಾದರೆ ಇನ್ನೇನು ಮಾಡಬೇಕಿತ್ತು? ಹಾಗೆಂದು ಪಾದ್ರಿಗಳ ಸ್ಥಿತಿಯೂ ಹೀಗೆಯೇ ಕರುಣಾಜನಕ. ದುಭಾಷಿ ಹೋದದ್ದೇ ಅವರು ಮೂಕರಾದರು. ಯಾರಿಗೂ ಏನನ್ನೂ ಕಲಿಸಲಾಗದೆ, ಕಾಡಿನ ಬೇರು ಅಗೆದು ತಿನ್ನುತ್ತ, ಹೇಳಿ ಕಳಿಸುತ್ತ ಕಾದರು. ಅವನು ಬರಲಿಲ್ಲ.

1571ರ ಫೆಬ್ರವರಿ ಆರಂಭದಲ್ಲಿ ಕಿರೋಸ್ ಮತ್ತು ಇಬ್ಬರು ಸಹಾಯಕರು ತಾವೇ ಅವನಿದ್ದಲ್ಲಿಗೆ ಹೋದರು. ಬರುತ್ತೇನೆ ಎಂದು ಹೇಳಿ ಕಳಿಸಿದವನು, ಅವರು ಮರಳುವ ದಾರಿಯಲ್ಲಿ ತನ್ನ ಜನರೊಡನೆ ಬಂದು ಕೊಂದ. ಅದು ಫೆಬ್ರವರಿ 4. ಐದು ದಿನದ ಮೇಲೆ ಮಿಷನ್ನಿನ ಗುಡಿಸಲಿಗೆ ಬಂದ. ಕಟ್ಟಿಗೆ ಕಡಿಯಬೇಕೆಂದು ಕೊಡಲಿಗಳನ್ನು ಕೇಳಿ ಪಡೆದು, ಅವುಗಳಿಂದಲೇ ಸೆಗೂರನನ್ನೂ ಉಳಿದವರನ್ನೂ ಮುಗಿಸಿದರು. ಅಲೋನ್ಸೊನನ್ನು ಡಾನ್ ಲೂಯಿಸ್‌ನ ಸಹೋದರ ಕಾಪಾಡಿ ಇಟ್ಟುಕೊಂಡ.

ಏಕೆ ಕೊಂದರು ಎಂಬುದಕ್ಕೆ ಕೊಂದವರ ಉತ್ತರ ಎಲ್ಲಿಯೂ ಇಲ್ಲ. ಬಿಟ್ಟು ಹೋದದ್ದು ಸಾಲದೆ ಕೊಲ್ಲುವ ಅಗತ್ಯವೇನಿತ್ತು ಎಂಬ ಪ್ರಶ್ನೆಗೆ ಕೆಮಿಲ ಟೌನ್‌ಸೆಂಡ್ ಮೊದಲಾದ ಇತ್ತೀಚಿನ ಇತಿಹಾಸಕಾರರು ಅವನು ಮೆಕ್ಸಿಕೊದಲ್ಲಿ ಕಂಡದ್ದರ ಕಡೆ ಬೆರಳು ತೋರಿಸುತ್ತಾರೆ. ಅಲ್ಲಿ ಅವನು ನಾಲ್ಕು ವರ್ಷ ಇದ್ದ. ಆಸ್ತೆಕ್ ರಾಜಧಾನಿ ಬಿದ್ದು ನಲವತ್ತು ವರ್ಷವಾಗಿದ್ದ ಕಾಲ. ಮೊದಲು ಬರುವ ಪಾದ್ರಿಗಳ ಹಿಂದೆ ಯಾರು ಬರುತ್ತಾರೆ, ಏನೇನು ಕೇಳುತ್ತಾರೆ ಎಂಬುದನ್ನು ಕಣ್ಣಾರೆ ಕಂಡವನು ಆ ಇಡೀ ಕೊಲ್ಲಿಯ ಜನರಲ್ಲಿ ಬಹುಶಃ ಅವನೊಬ್ಬನೇ. ಮಾರ್ಚಿಗೆ ಹಡಗು ಬರುತ್ತದೆಂಬುದೂ ಅವನಿಗೆ ಗೊತ್ತಿತ್ತು. ಈ ವಿವರಣೆ ನನಗೆ ಉಳಿದೆಲ್ಲಕ್ಕಿಂತ ಹೆಚ್ಚು ಹಿಡಿಸಿದೆ.

ಹಡಗು ಬಂತು. 1571ರ ವಸಂತದಲ್ಲಿ ವಿಸೆಂತೆ ಗೊನ್ಸಾಲೆಸ್ ಎಂಬ ನಾವಿಕನ ಹಡಗು ಸಾಮಗ್ರಿ ಹೊತ್ತು ಕೊಲ್ಲಿಗೆ ಬಂದಾಗ ದಡದಲ್ಲಿ ಪಾದ್ರಿ ನಿಲುವಂಗಿ ತೊಟ್ಟವರು ಕೈಬೀಸಿ ಕರೆಯುತ್ತಿದ್ದರು. ಅವರ ನಡಿಗೆ ನೋಡಿ ಹಡಗಿನವರಿಗೆ ಅನುಮಾನ ಹುಟ್ಟಿತು. ಇಳಿಯಲಿಲ್ಲ. ಇಬ್ಬರನ್ನು ಸೆರೆಹಿಡಿದು ತಿರುಗಿ ಹೋದರು. ಹುಡುಗ ಬದುಕಿದ್ದಾನೆಂಬುದು ಹೊರಗೆ ಗೊತ್ತಾದದ್ದು ಹೀಗೆ.

1572ರ ಆಗಸ್ಟಿನಲ್ಲಿ ಮೆನೆಂದೆಸ್ ಸಿಪಾಯಿಗಳೊಡನೆ ಬಂದ. ಕೆಲವರನ್ನು ಗುಂಡಿಗೆ ಬಲಿಕೊಟ್ಟು, ಕೆಲವರನ್ನು ಹಿಡಿದು, ಡಾನ್ ಲೂಯಿಸ್‌ನನ್ನು ಒಪ್ಪಿಸಿದರೆ ಬಿಡುತ್ತೇನೆಂದು ಗಡುವು ಕೊಟ್ಟ. ಅವನು ಸಿಗಲಿಲ್ಲ. ಅಲೋನ್ಸೊ ಮರಳಿ ಸಿಕ್ಕಿದ್ದ. ಯಾರು ತಪ್ಪಿತಸ್ಥರು, ಯಾರು ಅಲ್ಲ ಎಂಬುದು ಅವನ ಮಾತಿನ ಮೇಲೆ ತೀರ್ಮಾನವಾಯಿತು. ಎಂಟೊಂಬತ್ತು ಮಂದಿಯನ್ನು ಹಡಗಿನ ಕೂವೆಮರಕ್ಕೆ ನೇಣು ಹಾಕಿದರು. ಅದಕ್ಕೆ ಮೊದಲು ರೊಹೆಲ್ ಅವರಿಗೆ ಮತೋಪದೇಶ ಮಾಡಿ ದೀಕ್ಷಾಸ್ನಾನ ಕೊಟ್ಟ. ಉಪದೇಶವನ್ನು ಅವರ ಭಾಷೆಗೆ ತಿರುಗಿಸಿ ಹೇಳಿದವನು ಅಲೋನ್ಸೊ. ಅವರ ನಡುವೆ ಒಂದೂವರೆ ವರ್ಷ ಬಾಳಿ ಹುಡುಗ ಅವರ ನುಡಿ ಕಲಿತಿದ್ದ. ಅಹಕಾನ್ ಮಿಷನ್ನಿಗೆ ದೊರೆತ ಎರಡನೆಯ ದುಭಾಷಿ ಅವನು, ಮಿಷನ್ ಮುಗಿದು ಹೋದ ಮೇಲೆ ದೊರೆತವನು.

ಈ ಪ್ರತೀಕಾರದ ಬಗ್ಗೆ ಓದುವಾಗ ನಮ್ಮ ಪಕ್ಕದ ಗೋವೆಯ ಕುಂಕಳ್ಳಿ ನೆನಪಾಗದೆ ಇರದು. ಸಂಬಂಧವಿಲ್ಲದ ಹೋಲಿಕೆಯಲ್ಲ, ಅದೇ ಜೆಸ್ವಿಟ್ ಸಂಘದ ಕಥೆ. ಅಹಕಾನ್ ಆಗಿ ಹನ್ನೆರಡು ವರ್ಷಕ್ಕೆ, 1583ರ ಜುಲೈನಲ್ಲಿ, ಕುಂಕಳ್ಳಿಯ ಊರವರು ಐವರು ಜೆಸ್ವಿಟರನ್ನು ಕೊಂದರು. ಅವರಲ್ಲಿ ಒಬ್ಬ ರೊದೊಲ್ಫೊ ಅಕ್ವಾವೀವ, ಅಕ್ಬರನ ಆಸ್ಥಾನದಲ್ಲಿ ಇದ್ದು ಬಂದವನು. ಅಲ್ಲಿ ಹಿನ್ನೆಲೆ ಬೇರೆ. ಗುಡಿಗಳ ನಾಶ, ತೆರಿಗೆ, ಗ್ರಾಮದ ಹಕ್ಕು. ಮಾತುಕತೆಗೆಂದು ಅಸೊಳ್ಣೆ ಕೋಟೆಗೆ ಕರೆದು ಊರ ಮುಖಂಡರನ್ನು ಪೋರ್ಚುಗೀಸರು ಕೊಂದರು. ಒಬ್ಬ ನದಿಗೆ ಹಾರಿ ಕಾರವಾರದ ಕಡೆ ಪಾರಾದ ಎಂದು ಅಲ್ಲಿನ ಜನ ಹೇಳುತ್ತಾರೆ. ಕುಂಕಳ್ಳಿಗೆ ಒಂದು ಅನುಕೂಲವಿದೆ. ಅಲ್ಲಿ ಕೊಂದವರ ವಂಶಸ್ಥರೂ ತಮ್ಮ ಕಡೆಯ ಕಥೆಯನ್ನು ಕಾಪಾಡಿಕೊಂಡು ಬಂದರು, ಸ್ಮಾರಕವನ್ನೂ ಕಟ್ಟಿಕೊಂಡರು. ಅಹಕಾನಿನ ಕಾಗದಪತ್ರದಲ್ಲಿ ಇರುವುದು ಒಂದೇ ಕಡೆಯ ಕಥೆ.

ಆ ಒಂದು ಕಡೆಯೂ ಕಾಲ ಸರಿದಂತೆ ಬದಲಾಯಿತು. 1572ರ ರೊಹೆಲ್‌ನ ಪತ್ರ ಬಹುಮಟ್ಟಿಗೆ ಸರಳ. ಶಿಲುಬೆಯಿದ್ದ ಪೆಟ್ಟಿಗೆಯನ್ನು ತೆರೆಯಹೋದವರು ಸತ್ತುಬಿದ್ದರು ಎಂಬ ಪವಾಡ ಅದರಲ್ಲೂ ಬರುತ್ತದೆ, ಹುಡುಗ ಹೇಳಿದ್ದು ಎಂಬಂತೆ. ಮೂವತ್ತು ನಲವತ್ತು ವರ್ಷದ ನಂತರದ ಬರಹಗಳಲ್ಲಿ ವಿವರಗಳು ಹೆಚ್ಚುತ್ತವೆ, ಸತ್ತವರು ಸಾಯುವ ಮುನ್ನ ಆಡಿದ ಭಾಷಣಗಳು ಹುಟ್ಟಿಕೊಳ್ಳುತ್ತವೆ, ಡಾನ್ ಲೂಯಿಸ್ ಸಾಕ್ಷಾತ್ ಜೂದಾಸನಾಗುತ್ತಾನೆ. ಆಕರಗಳನ್ನು ಕಾಲಕ್ರಮದಲ್ಲಿ ಜೋಡಿಸಿ ಓದಿ ಎಂದು ತರಗತಿಯಲ್ಲಿ ನಾವು ಹೇಳುವ ಮಾತಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ.

ಪರಿಣಾಮಗಳನ್ನು ಎರಡು ಮಾತಿನಲ್ಲಿ ಮುಗಿಸುತ್ತೇನೆ. ಜೆಸ್ವಿಟರು 1572ರಲ್ಲಿ ಫ್ಲಾರಿಡವನ್ನೇ ತೊರೆದು ಮೆಕ್ಸಿಕೊ ಸೇರಿದರು. ಅವರ ಜಾಗಕ್ಕೆ ಫ್ರಾನ್ಸಿಸ್ಕನ್ನರು ಬಂದರು. ಸ್ಪೇನ್ ಆ ಕೊಲ್ಲಿಯಲ್ಲಿ ಮತ್ತೆಂದೂ ನೆಲೆಯೂರಲಿಲ್ಲ. 1607ರಲ್ಲಿ ಇಂಗ್ಲಿಷರು ಜೇಮ್ಸ್‌ಟೌನ್ ಕಟ್ಟಿದ್ದು ಜೆಸ್ವಿಟರು ಇಳಿದ ಅದೇ ನದಿಯ ದಡದಲ್ಲಿ, ಅಲ್ಲಿಂದ ಕೆಲವೇ ಮೈಲಿ ಆಚೆ. ಆದರೂ ಅಮೆರಿಕದ ಶಾಲಾಪುಸ್ತಕಗಳಲ್ಲಿ ವರ್ಜೀನಿಯದ ಕಥೆ ಬಹುಕಾಲ 1607ರಿಂದಲೇ ಶುರುವಾಗುತ್ತಿತ್ತು.

ಇನ್ನು ಕೊನೆಯ ಸಂಗತಿ, ಪಾಕಿಕಿನೆಯೊ ಏನಾದ ಎಂಬುದು. 1622ರಲ್ಲಿ, ಮತ್ತೆ 1644ರಲ್ಲಿ, ಇಂಗ್ಲಿಷ್ ವಸಾಹತಿನ ಮೇಲೆ ದೊಡ್ಡ ದಾಳಿಗಳನ್ನು ನಡೆಸಿದ ನಾಯಕ ಒಪೆಚಾಂಕನೊ. 1646ರಲ್ಲಿ ಸೆರೆ ಸಿಕ್ಕಾಗ ಹಣ್ಣು ಹಣ್ಣು ಮುದುಕ. ಕಾವಲಿನ ಸಿಪಾಯಿಯೊಬ್ಬ ಬೆನ್ನಿಗೆ ಗುಂಡಿಟ್ಟು ಕೊಂದ. ರಾಬರ್ಟ್ ಬೆವರ್ಲಿ ಎಂಬಾತ 1705ರಲ್ಲಿ ಬರೆದ ವರ್ಜೀನಿಯ ಇತಿಹಾಸದಲ್ಲಿ, ಒಪೆಚಾಂಕನೊ ನೈರುತ್ಯದ ದೂರದ ದೇಶದಿಂದ ಬಂದವನೆಂಬ ಮಾತು ಜನರಲ್ಲಿತ್ತು ಎನ್ನುತ್ತಾನೆ. ಇದನ್ನು ಹಿಡಿದು ಇತಿಹಾಸಕಾರ ಕಾರ್ಲ್ ಬ್ರೈಡನ್‌ಬಾ ಇಬ್ಬರೂ ಒಬ್ಬರೇ ಎಂದರು. ಜೇಮ್ಸ್ ಹಾರ್ನ್ 2021ರ ತಮ್ಮ ಪುಸ್ತಕದಲ್ಲಿ ಅದನ್ನೇ ವಿಸ್ತಾರವಾಗಿ ವಾದಿಸಿದ್ದಾರೆ. ಆ ಸೀಮೆಯ ಮೂಲನಿವಾಸಿಗಳ ಬಗ್ಗೆ ಬದುಕಿಡೀ ದುಡಿದ ಹೆಲೆನ್ ರೌಂಟ್ರೀ ಒಪ್ಪುವುದಿಲ್ಲ. ಒಪೆಚಾಂಕನೊಗೆ ಸ್ಪ್ಯಾನಿಷ್ ಬರುತ್ತಿತ್ತು ಎಂದಾಗಲಿ, ಯೂರೋಪು ಕಂಡವನೆಂದಾಗಲಿ ಅವನನ್ನು ಎದುರಿಗೇ ಬಲ್ಲ, ಜೇಮ್ಸ್‌ಟೌನಿನ ಜಾನ್ ಸ್ಮಿತ್ ಬರೆಯಲಿಲ್ಲ. ಅಂಥ ಸುದ್ದಿ ಸಿಕ್ಕಿದ್ದರೆ ಬಿಡುವ ಪೈಕಿ ಅವನಲ್ಲ. ನಾನು ರೌಂಟ್ರೀ ಅವರ ಪಕ್ಷ. ಕಥೆ ತುಂಬ ಚೆನ್ನಾಗಿದೆ ಎಂಬುದೇ ಅದನ್ನು ನಂಬಲು ನನಗಿರುವ ಅಡ್ಡಿ.

ಮಿಷನ್ನಿನ ಗುಡಿಸಲು ಎಲ್ಲಿತ್ತೆಂಬುದು ಇನ್ನೂ ಪತ್ತೆಯಾಗಿಲ್ಲ. 2002ರಲ್ಲಿ ರಿಚ್ಮಂಡಿನ ಕ್ಯಾಥೊಲಿಕ್ ಧರ್ಮಪ್ರಾಂತ್ಯ ಸೆಗೂರ ಮತ್ತು ಸಂಗಡಿಗರನ್ನು ಸಂತರೆಂದು ಘೋಷಿಸುವ ವಿಚಾರಣೆ ಆರಂಭಿಸಿತು.

ವಿದ್ಯಾರ್ಥಿಗಳಿಗೆ ಒಂದು ಕೆಲಸ ಹೇಳಿ ಕೂರುತ್ತೇನೆ. ಕಿರೋಸ್‌ನ ಸೆಪ್ಟೆಂಬರ್ 12ರ ಪತ್ರ ಚಿಕ್ಕದು. ಕ್ಲಿಫರ್ಡ್ ಲೂಯಿಸ್ ಮತ್ತು ಆಲ್ಬರ್ಟ್ ಲೂಮಿ 1953ರಲ್ಲಿ ಈ ಮಿಷನ್ನಿನ ಕಾಗದಪತ್ರಗಳನ್ನೆಲ್ಲ ಸ್ಪ್ಯಾನಿಷ್ ಮೂಲ ಮತ್ತು ಇಂಗ್ಲಿಷ್ ಅನುವಾದದೊಂದಿಗೆ ಅಚ್ಚು ಹಾಕಿಸಿದ್ದಾರೆ. ಈಗ ಸ್ಪ್ಯಾನಿಷ್ ಕಲಿಯುವ ಹುಡುಗ ಹುಡುಗಿಯರು ನಮ್ಮ ಊರುಗಳಲ್ಲೂ ಇದ್ದಾರೆ. ನಿಮ್ಮಲ್ಲಿ ಯಾರಾದರೂ ಆ ಪತ್ರವನ್ನು ನೇರವಾಗಿ ಮೂಲದಿಂದ ಕನ್ನಡಕ್ಕೆ ತನ್ನಿ. ಬಿತ್ತನೆ ಜೋಳ ಕೇಳುವ ಆ ಸಾಲುಗಳಿಗೆ ಬಂದಾಗ ನಮ್ಮ ರೈತರು ಆಡುವ ಮಾತನ್ನೇ ಬಳಸಿ. ಮೊದಲ ಕರಡನ್ನು ನನಗೂ ಓದಲು ಕೊಡಿ.